ನಾಲ್ಕು ಅಡಿ ಅಕ್ವೇರಿಯಂಗೆ ಬಾಗದ ಸ್ಟ್ಯಾಂಡ್ ಮಾಡುವುದು ಹೇಗೆ

ದೊಡ್ಡ ಅಕ್ವೇರಿಯಂ ಮನೆಗೆ ತರುವ ಮೊದಲು ಒಂದು ಲೆಕ್ಕ ಹಾಕಿ. ಒಂದು ಘನ ಅಡಿ ನೀರು ಅಂದರೆ ಸುಮಾರು 28.3 ಲೀಟರ್, ಲೀಟರಿಗೆ ಒಂದು ಕೆ.ಜಿ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕಿಗೆ 16 ಘನ ಅಡಿ. ಬಾಯಿಮಟ್ಟ ತುಂಬಿದರೆ 453 ಲೀಟರ್. ಮೇಲೆ ಎರಡು ಇಂಚು ಬಿಟ್ಟರೂ 415 ಕೆ.ಜಿ. ನೀರೇ ಆಯಿತು. 12 ಮಿ.ಮೀ. ಗಾಜು ಚದರ ಮೀಟರಿಗೆ 30 ಕೆ.ಜಿ. ತೂಗುತ್ತದೆ. ತಳ, ಹಿಂದೆ, ಮುಂದೆ, ಎರಡು ಪಕ್ಕ ಎಲ್ಲ ಸೇರಿ 90 ಕೆ.ಜಿ. ಹತ್ತಿರ ಬರುತ್ತದೆ. ಮರಳು, ಕಲ್ಲು, ಮುಚ್ಚಳ, ಲೈಟು ಸೇರಿಸಿ. 600 ಕೆ.ಜಿ. ಎಂದೇ ಇಟ್ಟುಕೊಳ್ಳಿ. ಹನ್ನೆರಡು ಮೂಟೆ ಸಿಮೆಂಟನ್ನು ಅಷ್ಟೇ ಜಾಗದಲ್ಲಿ ಪೇರಿಸಿ ವರ್ಷಗಟ್ಟಲೆ ಅಲ್ಲೇ ಬಿಟ್ಟ ಹಾಗೆ.

ನಾನು ಶಿವಮೊಗ್ಗದಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಶಾಪ್ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಆಸ್ಕರ್ ಮೀನು ಸಾಕಿದ್ದೇನೆ. ಹಾಗಾಗಿ ಈ ಕೆಲಸದ ಎರಡೂ ಕಡೆ ನನಗೆ ಗೊತ್ತು. ಸ್ಟ್ಯಾಂಡ್ ಮಾಡಿಸಲು ಬರುವವರೆಲ್ಲ ಕೇಳುವ ಮೊದಲ ಮಾತು ಒಂದೇ: "ಇದು ತೂಕ ತಡೆಯುತ್ತಾ?" ಅದು ಸರಿಯಾದ ಪ್ರಶ್ನೆ ಅಲ್ಲ ಅಂತ ನನಗೆ ಅನಿಸುತ್ತದೆ. ತೂಕ ಹೊರುವುದು ಕಬ್ಬಿಣಕ್ಕೆ ಏನೂ ಕಷ್ಟವಲ್ಲ. 40×40 ಮಿ.ಮೀ. ಅಗಲದ, 2 ಮಿ.ಮೀ. ದಪ್ಪದ ಚೌಕ ಪೈಪಿನ ಒಂದು ಗಿಡ್ಡ ಕಾಲು ನೆಟ್ಟಗೆ ನಿಂತಿದ್ದರೆ ಇನ್ನೂರು ಕೆ.ಜಿ.ಯನ್ನು ಸುಲಭವಾಗಿ ಹೊರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ. ಮೇಲಿನ ಫ್ರೇಮು ಬಾಗುತ್ತಾ? ತಿರುಚಿಕೊಳ್ಳುತ್ತಾ? ಪಕ್ಕಕ್ಕೆ ವಾಲುತ್ತಾ? ಕಬ್ಬಿಣ ಬಾಗಿದರೆ ಮತ್ತೆ ನೆಟ್ಟಗಾಗುತ್ತದೆ. ಮರ ಬಾಗಿದರೂ ಸಹಿಸಿಕೊಳ್ಳುತ್ತದೆ. ಮೇಲಿರುವ ಗಾಜು ಮಾತ್ರ ಬಾಗುವುದಿಲ್ಲ, ಒಡೆಯುತ್ತದೆ. ಇಲ್ಲವೇ ಸಿಲಿಕೋನ್ ಜೋಡಣೆ ಮೂಲೆಯಲ್ಲಿ ನಿಧಾನವಾಗಿ ಬಿಟ್ಟುಕೊಂಡು ನೀರು ಒಸರುತ್ತದೆ.

ಆದ್ದರಿಂದ ಇಲ್ಲಿ ಹೇಳುವುದೆಲ್ಲ ಒಂದೇ ಉದ್ದೇಶಕ್ಕೆ: ನೀರು ತುಂಬಿದ ಮೇಲೂ ಟ್ಯಾಂಕಿನ ಅಡಿ ಚಪ್ಪಟೆಯಾಗಿಯೇ ಇರಬೇಕು. ಅಳತೆಗಳೆಲ್ಲ ನಾಲ್ಕಡಿ ಟ್ಯಾಂಕಿನವು. ಮೂರಡಿಗಾದರೆ ಇದೇ ವಿನ್ಯಾಸ ಬೇಕಾದಷ್ಟಾಯಿತು. ಆರಡಿಗೆ ಹೋಗುವವರು ಕಾಲುಗಳ ನಡುವಿನ ಅಂತರವನ್ನು ಎರಡು ಅಡಿಗಿಂತ ಜಾಸ್ತಿ ಮಾಡಬೇಡಿ, ಉಳಿದದ್ದು ಹೀಗೆಯೇ.

ಮೊದಲು ನೆಲ ನೋಡಿ

ಮನೆಗಳ ಕೋಣೆಗೆ ನಮ್ಮ ದೇಶದ ಕಟ್ಟಡ ಮಾನದಂಡ, ಅಂದರೆ ಐಎಸ್ 875ರ ಎರಡನೇ ಭಾಗ, ಚದರ ಮೀಟರಿಗೆ ಸುಮಾರು 200 ಕೆ.ಜಿ. ಓಡಾಟದ ಭಾರ ಹಿಡಿಯುತ್ತದೆ. ನಮ್ಮ ಟ್ಯಾಂಕು ಕೂರುವ ಜಾಗ ಮುಕ್ಕಾಲು ಚದರ ಮೀಟರ್. ಅಲ್ಲಿ ಬೀಳುವುದು 600 ಕೆ.ಜಿ. ಅಂದರೆ ಆ ಜಾಗದ ಮಟ್ಟಿಗೆ ನಾಲ್ಕು ಪಟ್ಟು. ಹೀಗೆಂದ ಮಾತ್ರಕ್ಕೆ ಆರ್‌ಸಿಸಿ ತಾರಸಿ ಕುಸಿಯುತ್ತದೆ ಅಂತಲ್ಲ. ಭಾರ ಅಕ್ಕಪಕ್ಕಕ್ಕೂ ಹಂಚಿಹೋಗುತ್ತದೆ, ಕೋಣೆಯ ಉಳಿದ ಭಾಗ ಹೆಚ್ಚಾಗಿ ಖಾಲಿಯೇ ಇರುತ್ತದೆ. ಆದರೂ ಮಹಡಿ ಮೇಲೆ ಇಡುವವರು ಕೋಣೆಯ ಮಧ್ಯೆ ಇಡಬೇಡಿ. ಗೋಡೆಗೆ ಒತ್ತಿ, ಸಾಧ್ಯವಾದರೆ ಕೆಳಗೆ ಬೀಮ್ ಹಾದುಹೋಗಿರುವ ಕಡೆ, ಪಿಲ್ಲರ್ ಇರುವ ಮೂಲೆಯಲ್ಲಿ ಇಡಿ. ಹೊರಗೆ ಚಾಚಿಕೊಂಡಿರುವ ಬಾಲ್ಕನಿ ಬೇಡವೇ ಬೇಡ. ಮಲೆನಾಡಿನ ಹಳೇ ಮನೆಗಳ ಮರದ ಉಪ್ಪರಿಗೆಯೂ ಬೇಡ. ಟ್ಯಾಂಕು ಇದಕ್ಕಿಂತ ದೊಡ್ಡದಾಗಿದ್ದರೆ, ಅಥವಾ ಮನೆ ಹಳೆಯದಾಗಿದ್ದು ತಾರಸಿಯಲ್ಲಿ ಬಿರುಕು, ಸೋರಿಕೆ ಇದ್ದರೆ, ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆದು ತೋರಿಸಿ.

ನೆಲಮಹಡಿಯಲ್ಲಿ ಈ ಚಿಂತೆ ಇಲ್ಲ. ಅಲ್ಲಿ ನೋಡಬೇಕಾದದ್ದು ಟೈಲ್ಸ್. ಕಾಲು ಬರುವ ಜಾಗದಲ್ಲೆಲ್ಲ ಒಂದು ನಾಣ್ಯದಿಂದ ಟೈಲ್ ತಟ್ಟಿ ಕೇಳಿ. ಗಟ್ಟಿ ಸದ್ದು ಬಂದರೆ ಸರಿ. ಡೊಳ್ಳು ಸದ್ದು ಬಂದರೆ ಕೆಳಗೆ ಸಿಮೆಂಟ್ ಸರಿಯಾಗಿ ಕೂತಿಲ್ಲ, ಟೊಳ್ಳು ಇದೆ ಎಂದರ್ಥ. ಅದರ ಮೇಲೆ ಕಾಲು ಬಂದರೆ ಟೈಲ್ ಒಡೆಯುತ್ತದೆ, ಆ ಕಾಲು ಕೂಡಲೇ ಒಂದೆರಡು ಮಿ.ಮೀ. ಕೆಳಗಿಳಿಯುತ್ತದೆ. ಟ್ಯಾಂಕನ್ನು ಪಕ್ಕಕ್ಕೆ ಸರಿಸಿ, ಇಲ್ಲವೇ ಆ ಟೈಲ್ ಕೀಳಿಸಿ ಮತ್ತೆ ಕೂರಿಸಿ.

ನಮ್ಮ ಮನೆಗಳ ನೆಲ ಯಾವತ್ತೂ ಪೂರ್ತಿ ಸಮತಟ್ಟಾಗಿರುವುದಿಲ್ಲ. ತೊಳೆದ ನೀರು ಹರಿದುಹೋಗಲಿ ಅಂತ ಮೇಸ್ತ್ರಿಗಳು ಬಾಗಿಲ ಕಡೆಗೋ ಬಚ್ಚಲ ಕಡೆಗೋ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ನಾಲ್ಕಡಿ ಉದ್ದಕ್ಕೆ ಎಷ್ಟು ಇಳಿಜಾರು ಇದೆ ಎಂದು ಈಗಲೇ ಅಳೆದಿಟ್ಟುಕೊಳ್ಳಿ. ಇದಕ್ಕೆ ರಸಮಟ್ಟಕ್ಕಿಂತ ಮೇಸ್ತ್ರಿಗಳ ನೀರಿನ ಪೈಪೇ ಒಳ್ಳೆಯದು. ಪಾರದರ್ಶಕ ಪೈಪಿಗೆ ನೀರು ತುಂಬಿ, ಗುಳ್ಳೆ ಇಲ್ಲದ ಹಾಗೆ ತಟ್ಟಿ ತಟ್ಟಿ ಹೊರಗೆ ಬಿಡಿ. ಒಂದು ತುದಿಯನ್ನು ಒಂದು ಮೂಲೆಯ ಪಕ್ಕದ ಗೋಡೆಗೆ ಹಿಡಿದು ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಇನ್ನೊಂದು ತುದಿಯನ್ನು ಮತ್ತೊಂದು ಮೂಲೆಗೆ ಹಿಡಿದು ಅಲ್ಲೂ ಗುರುತು ಹಾಕಿ. ಗುರುತಿನಿಂದ ನೆಲಕ್ಕೆ ಟೇಪು ಹಿಡಿದರೆ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ. ಐದಾರು ಮಿ.ಮೀ. ಸಾಮಾನ್ಯ.

ಮಧ್ಯದ ಕಾಲು

ವಿನ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಸ್ವಲ್ಪ ನಿಧಾನವಾಗಿ ಓದಿ.

ನಾಲ್ಕು ಮೂಲೆಗೆ ನಾಲ್ಕು ಕಾಲು, ಮೇಲೆ 40×40×2 ಪೈಪಿನ ಫ್ರೇಮು. ಬಹಳಷ್ಟು ಸ್ಟ್ಯಾಂಡ್‌ಗಳು ಹೀಗೇ ಇರುತ್ತವೆ. ಈಗ ಮುಂದಿನ ಉದ್ದ ಪಟ್ಟಿಯನ್ನು ನೋಡಿ. 600ರಲ್ಲಿ ಅರ್ಧ, ಅಂದರೆ 300 ಕೆ.ಜಿ. ಅದರ ಉದ್ದಕ್ಕೂ ಹರಡಿ ಕೂರುತ್ತದೆ. ಎರಡು ತುದಿಯಲ್ಲಿ ಮಾತ್ರ ಆಸರೆ. ಲೆಕ್ಕ ಹಾಕಿದರೆ ಅದು ನಡುವೆ ನಾಲ್ಕೂವರೆ ಮಿ.ಮೀ.ಗಿಂತ ಜಾಸ್ತಿ ಬಾಗಬೇಕು. ಪೈಪು ಮುರಿಯುವುದಿಲ್ಲ, ಕಣ್ಣಿಗೂ ಅಷ್ಟಾಗಿ ಕಾಣುವುದಿಲ್ಲ. ಆದರೆ ಮೇಲಿನ ಗಾಜಿಗೆ ನಡುವೆ ಆಸರೆ ತಪ್ಪುತ್ತದೆ. ಪೂರ್ತಿ ತೂಕ ಎರಡು ತುದಿಗೆ ಹೋಗಿ ಕೂರುತ್ತದೆ.

ಅದೇ ಪಟ್ಟಿಯ ನಡುವೆ ಒಂದು ಕಾಲು ಕೊಡಿ. ಈಗ ಆಸರೆಯಿಂದ ಆಸರೆಗೆ ನಾಲ್ಕಡಿ ಇದ್ದದ್ದು ಎರಡಡಿ ಆಯಿತು. ಬಾಗು ಅರ್ಧಕ್ಕೆ ಇಳಿಯುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಹಾಗಲ್ಲ. ಒಂದೇ ಸಮ ಹರಡಿದ ಭಾರಕ್ಕೆ ಬಾಗು ಉದ್ದದ ನಾಲ್ಕನೇ ಘಾತದ ಪ್ರಕಾರ ಹೋಗುತ್ತದೆ. ಉದ್ದ ಅರ್ಧವಾದರೆ ಬಾಗು ಹದಿನಾರನೇ ಒಂದು ಭಾಗ. ನಾಲ್ಕೂವರೆ ಮಿ.ಮೀ. ಇದ್ದದ್ದು 0.3 ಮಿ.ಮೀ. ಆಯಿತು. ಪಟ್ಟಿ ನಡುವೆ ತುಂಡಾಗದೆ ಒಂದೇ ಆಗಿ ಓಡಿದ್ದರೆ ಇನ್ನೂ ಕಡಿಮೆ. ಮುಂದೊಂದು, ಹಿಂದೊಂದು, ಬರೀ ಎರಡು ತುಂಡು ಪೈಪಿನಿಂದ ಇಷ್ಟು ಲಾಭ. ಇದನ್ನು ಬಿಟ್ಟು ಮೂಲೆಯ ಕಾಲುಗಳಿಗೆ ಮೂರಿಂಚಿನ ದಪ್ಪ ಪೈಪು ಹಾಕಿದರೆ ದುಡ್ಡು ದಂಡ.

ಒಂದು ಎಚ್ಚರ ಇದೆ. ನಡುವಿನ ಕಾಲು ತನ್ನ ಪಾಲಿಗಿಂತ ಜಾಸ್ತಿ ಹೊರುತ್ತದೆ. ಮೂರು ಆಸರೆಯ ಪಟ್ಟಿಯಲ್ಲಿ ಎಂಟರಲ್ಲಿ ಐದು ಭಾಗ ಭಾರ ನಡುವಿನದಕ್ಕೆ ಬರುತ್ತದೆ. ನಮ್ಮ ಲೆಕ್ಕದಲ್ಲಿ 190 ಕೆ.ಜಿ. ಹತ್ತಿರ. ತುದಿಯ ಕಾಲುಗಳಿಗೆ 56 ಕೆ.ಜಿ. ಮಾತ್ರ. ಹಾಗಾಗಿ ನಡುವಿನ ಕಾಲಿನ ಪಾದ ನೆಲಕ್ಕೆ ಗಟ್ಟಿಯಾಗಿ ತಾಗಿರಲೇಬೇಕು. ಅದು ಒಂದೆರಡು ಮಿ.ಮೀ. ಗಾಳಿಯಲ್ಲಿ ನಿಂತಿದ್ದರೆ ಪಟ್ಟಿ ಅಷ್ಟು ಬಾಗಿದ ಮೇಲೆಯೇ ಅದಕ್ಕೆ ಕೆಲಸ.

ಕೆಳಗೆ ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಸೋಸಿಕೊಂಡು ಪಂಪಿನಿಂದ ಮತ್ತೆ ಮೇಲೇರುವ ಸಣ್ಣ ತೊಟ್ಟಿ, ಇಡುವವರಿಗೆ ಮುಂದಿನ ನಡುಗಾಲು ಅಡ್ಡ ಬರುತ್ತದೆ, ನಿಜ. ಎರಡು ಕಾಲುಗಳ ಮಧ್ಯೆ ಸಿಗುವುದು 550 ಮಿ.ಮೀ. ಮಾತ್ರ. ನನ್ನ ಸಲಹೆ, ಸಂಪನ್ನು ಪಕ್ಕದಿಂದ ಒಳಗೆ ತಳ್ಳುವ ಹಾಗೆ ಮಾಡಿಕೊಳ್ಳಿ. ಒಂದು ಪಕ್ಕವನ್ನು ಬೋಲ್ಟ್ ಹಾಕಿ ಬಿಚ್ಚುವ ಹಾಗೆ ಇಟ್ಟರೆ ಆಯಿತು. ಮುಂದೆ ಪೂರ್ತಿ ತೆರವೇ ಬೇಕು ಅನ್ನುವವರು ಮೇಲಿನ ಮುಂಪಟ್ಟಿಗೆ 80×40 ಪೈಪನ್ನು ನಿಲ್ಲಿಸಿ ಹಾಕಿ. ನಿಲ್ಲಿಸಿ ಅಂದರೆ 80ರ ಅಳತೆ ಎತ್ತರಕ್ಕೆ ಬರಬೇಕು, 40ರದು ಅಗಲಕ್ಕೆ. ಹೀಗೆ ಹಾಕಿದರೆ 40×40ಕ್ಕಿಂತ ಐದು ಪಟ್ಟು ಬಿಗಿ. ಅದೇ ಪೈಪನ್ನು ಮಲಗಿಸಿ ಹಾಕಿದರೆ ಎರಡು ಪಟ್ಟೂ ಇಲ್ಲ. ಒಂದೇ ಪೈಪು, ಒಂದೇ ತೂಕ, ಒಂದೇ ದುಡ್ಡು. ವ್ಯತ್ಯಾಸ ಎಷ್ಟು ನೋಡಿ. ಗೋಡೆ ದಪ್ಪ 3 ಮಿ.ಮೀ. ತಗೊಂಡರೆ ಇನ್ನೂ ಒಳ್ಳೆಯದು.

ಪೈಪು ತರುವುದು, ಕತ್ತರಿಸುವುದು

ಕಬ್ಬಿಣದ ಅಂಗಡಿಯಲ್ಲಿ 40×40 ಪೈಪು 20 ಅಡಿ ಉದ್ದಕ್ಕೆ ಸಿಗುತ್ತದೆ, ತೂಕದ ಲೆಕ್ಕದಲ್ಲಿ ಕೊಡುತ್ತಾರೆ. 2 ಮಿ.ಮೀ. ಎಂದರೆ 14 ಗೇಜ್. ಕಣ್ಣಿಗೆ 16 ಗೇಜಿನದೂ ಹಾಗೇ ಕಾಣುತ್ತದೆ. ತೂಕ ನೋಡಿ ತಿಳಿದುಕೊಳ್ಳಿ. 2 ಮಿ.ಮೀ.ದು ಒಂದು ಉದ್ದಕ್ಕೆ ಸುಮಾರು 14 ಕೆ.ಜಿ. ಬರುತ್ತದೆ. 1.6 ಆದರೆ ಹನ್ನೊಂದೂವರೆ ಅಷ್ಟೇ.

ನನ್ನ ಕಟಿಂಗ್ ಲೆಕ್ಕ ಹೀಗಿದೆ. ಉದ್ದ ಪಟ್ಟಿ 1220 ಮಿ.ಮೀ.ದು ನಾಲ್ಕು: ಮೇಲೆ ಎರಡು, ಕೆಳಗೆ ಎರಡು. ಅಡ್ಡ ಪಟ್ಟಿ 530 ಮಿ.ಮೀ.ದು ಎಂಟು: ಮೇಲಿನ ಫ್ರೇಮಿಗೆ ಐದು, ಕೆಳಗಿನದಕ್ಕೆ ಮೂರು. ಕಾಲು 640 ಮಿ.ಮೀ.ದು ಆರು. ಎಲ್ಲ ಸೇರಿ 13 ಮೀಟರ್. ಎರಡು ಉದ್ದ ಪೈಪಿಗೆ ಸ್ವಲ್ಪ ಜಾಸ್ತಿ, ಹಾಗಾಗಿ ಮೂರು ತನ್ನಿ. ಮಿಕ್ಕಿದ್ದರಲ್ಲಿ ಪಕ್ಕದ ಓರೆ ಆಸರೆಗಳನ್ನು ಮಾಡಿಕೊಳ್ಳಬಹುದು. ಫ್ರೇಮಿನ ಎತ್ತರ 720 ಮಿ.ಮೀ. ಬರುತ್ತದೆ. ಮೇಲೆ ಪ್ಲೈವುಡ್, ಕೆಳಗೆ ಪಾದ ಸೇರಿದರೆ ಎರಡೂವರೆ ಅಡಿ. ಸೋಫಾದಲ್ಲಿ ಕೂತು ನೋಡಲು ಇದು ಹದವಾದ ಎತ್ತರ. ಇನ್ನೂ ಎತ್ತರ ಮಾಡುವ ಮೊದಲು ಕೈ ಅಳೆದು ನೋಡಿ: ಎರಡಡಿ ಆಳದ ಟ್ಯಾಂಕಿನ ತಳದಿಂದ ಕಸ ತೆಗೆಯುವಾಗ ಭುಜದವರೆಗೆ ನೀರಲ್ಲಿ ಇಳಿಸಬೇಕಾಗುತ್ತದೆ. ಎತ್ತರ ಜಾಸ್ತಿಯಾದರೆ ಪ್ರತಿ ಸಲ ಸ್ಟೂಲ್ ಹತ್ತಬೇಕು.

ಆರು ಕಾಲುಗಳನ್ನು ಒಟ್ಟಿಗೆ ಕಟ್ಟಿ, ಒಂದೇ ಸಲ ಕತ್ತರಿಸಿ. ಬೇರೆ ಬೇರೆ ಕತ್ತರಿಸಿದರೆ ಒಂದು ಮಿ.ಮೀ. ಹೆಚ್ಚು ಕಡಿಮೆ ಆಗಿಯೇ ತೀರುತ್ತದೆ, ಆ ಒಂದು ಮಿ.ಮೀ. ಕೊನೆಗೆ ಗಾಜಿನ ಕೆಳಗೆ ಬಂದು ಕೂರುತ್ತದೆ.

ಜೋಡಣೆಯಲ್ಲಿ ನಿಯಮ ಒಂದೇ. ಮೇಲಿನ ಪಟ್ಟಿ ಕಾಲಿನ ತಲೆಯ ಮೇಲೆ ಕೂರಬೇಕು. ಕಾಲಿನ ಪಕ್ಕಕ್ಕೆ ಅಂಟಿಕೊಂಡು ನೇತಾಡಬಾರದು. ತಲೆಯ ಮೇಲೆ ಕೂತರೆ ಭಾರ ಕಬ್ಬಿಣದಿಂದ ಕಬ್ಬಿಣಕ್ಕೆ ನೇರ ಇಳಿಯುತ್ತದೆ, ವೆಲ್ಡಿಂಗ್ ಸುಮ್ನೆ ಹಿಡಿದುಕೊಂಡಿದ್ದರೆ ಸಾಕು. ಪಕ್ಕಕ್ಕೆ ಅಂಟಿಸಿದರೆ ಅಷ್ಟೂ ಭಾರ ವೆಲ್ಡಿಂಗ್ ಮೇಲೆ.

ವೆಲ್ಡಿಂಗ್: ಎಳೆತ ಮತ್ತು ತಿರುಚು

ವೆಲ್ಡ್ ಮಾಡಿದ ಜಾಗ ತಣ್ಣಗಾಗುವಾಗ ಕುಗ್ಗಿ ಪೈಪನ್ನು ತನ್ನ ಕಡೆ ಎಳೆಯುತ್ತದೆ. ಕಿಟಕಿ ಗ್ರಿಲ್ಲಿನಲ್ಲಿ ಇದು ಯಾರಿಗೂ ಕಾಣುವುದಿಲ್ಲ. ಅಕ್ವೇರಿಯಂ ಫ್ರೇಮಿನಲ್ಲಿ ಇದೇ ದೊಡ್ಡ ತೊಂದರೆ. ಆದ್ದರಿಂದ ವೆಲ್ಡರ್‌ಗೆ ಮೊದಲೇ ಹೇಳಿ: ಇದು ಗಾಜು ಕೂರುವ ಫ್ರೇಮು, ಅವಸರ ಬೇಡ.

ಮೇಲಿನ ಫ್ರೇಮನ್ನು ಸಮತಟ್ಟಾದ ನೆಲದ ಮೇಲೆ ತಲೆಕೆಳಗಾಗಿ ಜೋಡಿಸಿ. ಮೊದಲು ಎಲ್ಲ ಮೂಲೆಗೂ ಬರೀ ಚುಕ್ಕಿ ವೆಲ್ಡ್. ಆಮೇಲೆ ಮೂಲೆಯಿಂದ ಮೂಲೆಗೆ ಅಳೆಯಿರಿ. 1220ಕ್ಕೆ 610ರ ಫ್ರೇಮು ಸರಿಯಾದ ಮೂಲೆಮಟ್ಟದಲ್ಲಿದ್ದರೆ ಎರಡೂ ಕರ್ಣಗಳು 1364 ಮಿ.ಮೀ. ಬರುತ್ತವೆ. ಬರದಿದ್ದರೆ ಉದ್ದವಿರುವ ಕರ್ಣದ ಮೂಲೆಯನ್ನು ಮರದ ಸುತ್ತಿಗೆಯಿಂದ ಒಳಕ್ಕೆ ತಟ್ಟಿ. ಪೂರ್ತಿ ವೆಲ್ಡ್ ಆದ ಮೇಲೆ ಈ ಅವಕಾಶ ಇರುವುದಿಲ್ಲ. ನಂತರ ಒಂದು ಮೂಲೆ ಮಾಡಿ, ಅದರ ಎದುರು ಮೂಲೆಗೆ ಹೋಗಿ, ಹೀಗೆ ಅಡ್ಡಾದಿಡ್ಡಿ ಹೋಗುತ್ತಾ ಬೆಸೆಯಬೇಕು. ಒಂದೇ ಕಡೆ ಬಿಸಿ ಸೇರಬಾರದು. 2 ಮಿ.ಮೀ. ಪೈಪಿಗೆ 2.5 ಮಿ.ಮೀ.ನ 6013 ರಾಡು, 70ರಿಂದ 80 ಆಂಪ್ಸ್ ಸಾಕು. ಜಾಸ್ತಿ ಕೊಟ್ಟರೆ ಪೈಪು ತೂತಾಗುತ್ತದೆ. ಜಿಂಕ್ ಲೇಪನದ ಜಿಐ ಪೈಪು ತಂದಿದ್ದರೆ ಜೋಡಣೆಯ ಜಾಗದಲ್ಲಿ ಲೇಪನವನ್ನು ಗ್ರೈಂಡರ್‌ನಿಂದ ತೆಗೆದು, ಬಯಲಲ್ಲಿ ಕೂತೇ ವೆಲ್ಡ್ ಮಾಡಿ. ಆ ಬಿಳಿ ಹೊಗೆ ಒಳಗೆ ಹೋದರೆ ರಾತ್ರಿ ಚಳಿಜ್ವರ ಬರುತ್ತದೆ.

ಈಗ ತಿರುಚು ನೋಡುವ ಬಗೆ. ರಸಮಟ್ಟ ಇದಕ್ಕೆ ಸಾಲದು. ಎರಡು ದಾರ ತಗೊಳ್ಳಿ. ಒಂದನ್ನು ಫ್ರೇಮಿನ ಒಂದು ಮೂಲೆಯಿಂದ ಎದುರು ಮೂಲೆಗೆ ಬಿಗಿಯಾಗಿ ಎಳೆದು ಕಟ್ಟಿ. ಇನ್ನೊಂದನ್ನು ಉಳಿದ ಎರಡು ಮೂಲೆಗೆ. ನಡುವೆ ಅವು ಒಂದನ್ನೊಂದು ದಾಟುತ್ತವೆ. ದಾರ ದಾರಕ್ಕೆ ಸುಮ್ನೆ ಸವರಿದ ಹಾಗೆ ತಾಗಿದರೆ ನಾಲ್ಕು ಮೂಲೆಯೂ ಒಂದೇ ಸಮತಲದಲ್ಲಿವೆ. ನಡುವೆ ಬೆಳಕು ಕಂಡರೆ, ಅಥವಾ ಒಂದು ದಾರ ಇನ್ನೊಂದನ್ನು ಒತ್ತಿ ಬಾಗಿಸಿದರೆ, ಒಂದು ಮೂಲೆ ಎದ್ದಿದೆ. ಕೆಳಗಿನ ದಾರ ಮೇಲೆ, ಮೇಲಿನದು ಕೆಳಗೆ ಮಾಡಿ ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳಿ. ಎದ್ದ ಮೂಲೆಯ ಎದುರಿನ ಮೂಲೆಯನ್ನು ಕ್ಲ್ಯಾಂಪ್ ಹಾಕಿ ಹಿಡಿದು, ಎದ್ದದ್ದನ್ನು ನಿಧಾನವಾಗಿ ಒತ್ತಿ ತಗ್ಗಿಸಬಹುದು. ಕಾಲು ಬೆಸೆಯುವ ಮೊದಲೇ ಇದನ್ನು ಮಾಡಿ.

ಮೇಲ್ಮುಖದ ವೆಲ್ಡ್ ಗಡ್ಡೆಗಳನ್ನು ಗ್ರೈಂಡರ್‌ನಿಂದ ಪೂರ್ತಿ ಸವರಬೇಕು. ಇದನ್ನು ಒತ್ತಿ ಹೇಳಲು ಕಾರಣ ಇದೆ. ಒಬ್ಬರ ಮನೆಯಲ್ಲಿ ತಳದ ಗಾಜು ಮೂಲೆಯಿಂದ ಸೀಳಿತ್ತು. ನೀರು ತೆಗೆದು ಟ್ಯಾಂಕ್ ಎತ್ತಿ ನೋಡಿದೆವು. ಫ್ರೇಮು ಗಟ್ಟಿಯಾಗಿಯೇ ಇತ್ತು, ಬಾಗಿರಲಿಲ್ಲ. ಸೀಳು ಶುರುವಾದ ಜಾಗದ ನೇರಕ್ಕೆ ಸವರದೆ ಬಿಟ್ಟ ಒಂದು ವೆಲ್ಡ್ ಗಡ್ಡೆ, ಎರಡು ಮಿ.ಮೀ. ಎತ್ತರ ಇರಬಹುದು. ತೆಳು ಪ್ಲೈವುಡ್ಡನ್ನು ಕೆಳಗಿನಿಂದ ಒತ್ತಿ ಉಬ್ಬಿಸಿತ್ತು. ಬೆರಳಾಡಿಸಿದರೆ ಉಬ್ಬು ಸ್ಪಷ್ಟವಾಗಿ ಸಿಗುತ್ತಿತ್ತು. ಸವರಿದ ಮೇಲೆ ನೀವೂ ಅಂಗೈಯನ್ನು ಫ್ರೇಮಿನ ಸುತ್ತ ಒಮ್ಮೆ ಆಡಿಸಿ. ಕಣ್ಣಿಗಿಂತ ಕೈಗೆ ಬೇಗ ತಿಳಿಯುತ್ತದೆ.

ವಾಲುವುದನ್ನು ತಡೆಯುವ ಕೆಲಸ ಇನ್ನೊಂದು. ಬರೀ ಚೌಕಗಳ ಫ್ರೇಮು ಪಕ್ಕಕ್ಕೆ ತಳ್ಳಿದರೆ ಓರೆಯಾಗಲು ನೋಡುತ್ತದೆ. ತ್ರಿಕೋನ ಹಾಗಾಗುವುದಿಲ್ಲ. ಎರಡು ಪಕ್ಕಕ್ಕೂ ಒಂದೊಂದು ಓರೆ ಆಸರೆ ಕೊಡಿ. ಉದ್ದ 830 ಮಿ.ಮೀ. ಹತ್ತಿರ ಬರುತ್ತದೆ. ಸಂಪ್ ತಳ್ಳುವ ಪಕ್ಕದಲ್ಲಿ ಅದನ್ನು ಬೋಲ್ಟಿನಲ್ಲಿ ಕೂರಿಸಿ. ಹಿಂಬದಿಗೆ 12 ಮಿ.ಮೀ. ಪ್ಲೈವುಡ್ ಹಾಳೆಯನ್ನು ಸುತ್ತಲೂ ಆರಾರು ಇಂಚಿಗೆ ಒಂದು ಸ್ಕ್ರೂ ಹಾಕಿ ಬಿಗಿದರೆ ಉದ್ದಕ್ಕೆ ವಾಲುವುದು ನಿಂತೇಹೋಗುತ್ತದೆ. ಪೈಪು, ವೈರು ಹೋಗಲು ತೂತು ಬೇಕಾದರೆ ಹಾಳೆಯ ನಡುವೆ ಕೊರೆಯಿರಿ, ಅಂಚು ಕತ್ತರಿಸಬೇಡಿ.

ಪಾದ, ಪ್ಲೈವುಡ್, ಬಣ್ಣ

ಆರು ಕಾಲಿನ ನೇರಕ್ಕೆ ಕೆಳಗಿನ ಫ್ರೇಮಿಗೆ ಆರು ಪಾದ. 75×75 ಅಳತೆಯ 6 ಮಿ.ಮೀ. ಪ್ಲೇಟಿಗೆ ತೂತು ಹಾಕಿ ಎಂ16 ನಟ್ ಬೆಸೆದು, ಬೋಲ್ಟಿನ ಕೆಳಗೆ ಅಷ್ಟೇ ಅಗಲದ ಇನ್ನೊಂದು ಪ್ಲೇಟು, ಅದರಡಿ 3 ಮಿ.ಮೀ. ರಬ್ಬರ್ ಹಾಳೆ. ಬೋಲ್ಟು ತಿರುಗಿಸಿದರೆ ಕಾಲು ಏರುತ್ತದೆ, ಇಳಿಯುತ್ತದೆ. ಬರೀ ಬೋಲ್ಟಿನ ತಲೆಯನ್ನು ಟೈಲ್ಸ್ ಮೇಲೆ ಊರಬೇಡಿ. ಅಷ್ಟು ಸಣ್ಣ ಜಾಗಕ್ಕೆ 190 ಕೆ.ಜಿ. ಬಿದ್ದರೆ ಟೈಲ್ ಉಳಿಯುವುದಿಲ್ಲ.

ಫ್ರೇಮಿನ ಮೇಲೆ 18 ಅಥವಾ 19 ಮಿ.ಮೀ. ಪ್ಲೈವುಡ್. ಐಎಸ್ 710 ಗುರುತಿರುವ ಮರೀನ್ ಪ್ಲೈ ತಗೊಳ್ಳಿ. ಎಂಟಡಿ-ನಾಲ್ಕಡಿ ಹಾಳೆಯಲ್ಲಿ ಕಾಲು ಭಾಗ ನಮಗೆ ಸರಿಯಾಗುತ್ತದೆ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಬೇಡ. ಅಂಚಿಗೆ ನೀರು ತಾಗಿದರೆ ಉಬ್ಬುತ್ತವೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಆಸ್ಕರ್‌ನಂಥ ಮೀನು ಊಟದ ಹೊತ್ತಿಗೆ ನೀರು ಎರಚುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರೀನ್ ಪ್ಲೈ ಆದರೂ ಕತ್ತರಿಸಿದ ಅಂಚುಗಳಿಗೆ ಎರಡು ಕೋಟ್ ವಾರ್ನಿಶ್ ಅಥವಾ ಬಣ್ಣ ಹೊಡೆಯಿರಿ.

ಪ್ಲೈ ಮೇಲೆ 12 ಮಿ.ಮೀ. ಥರ್ಮಾಕೋಲ್ ಹಾಳೆ. ಮರಳಿನ ಕಣ, ಸ್ಕ್ರೂ ತಲೆ, ಬಣ್ಣದ ಗಡ್ಡೆಯಂಥ ಸಣ್ಣ ಉಬ್ಬುಗಳನ್ನು ಅದು ನುಂಗಿಕೊಳ್ಳುತ್ತದೆ. ಬಾಗಿದ ಫ್ರೇಮನ್ನು ಸರಿಮಾಡುವ ಶಕ್ತಿ ಅದಕ್ಕಿಲ್ಲ. ಇದು ನಮ್ಮ ಕಡೆಯ ಅಂಗಡಿಗಳಲ್ಲಿ ಅಂಟಿಸಿ ಕೊಡುವ, ತಳದ ಗಾಜು ನೇರ ಕೆಳಗೆ ಕೂರುವ ಟ್ಯಾಂಕಿನ ಮಾತು. ಕೆಳಗಂಚಿಗೆ ಪ್ಲಾಸ್ಟಿಕ್ ಚೌಕಟ್ಟು ಇರುವ ಕಂಪನಿ ಟ್ಯಾಂಕಾದರೆ ಥರ್ಮಾಕೋಲ್ ಹಾಕಬೇಡಿ. ಅದರ ತಳದ ಗಾಜು ಮೇಲೆ ಎತ್ತಿ ನಿಲ್ಲಿಸಿದ ಹಾಗಿರುತ್ತದೆ. ಚೌಕಟ್ಟು ಥರ್ಮಾಕೋಲಿನಲ್ಲಿ ಹೂತು, ಹಾಳೆ ತಳವನ್ನು ಮೇಲಕ್ಕೆ ಒತ್ತುತ್ತದೆ.

ಬಣ್ಣಕ್ಕೆ ತಂತಿ ಬ್ರಷ್‌ನಿಂದ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ, ಎರಡು ಕೋಟ್ ರೆಡ್ ಆಕ್ಸೈಡ್, ಮೇಲೆ ಎರಡು ಕೋಟ್ ಎನಾಮೆಲ್. ಸಮುದ್ರದ ಮೀನಿನ ಉಪ್ಪುನೀರಿನ ಟ್ಯಾಂಕಾದರೆ ಎಪಾಕ್ಸಿ ಪ್ರೈಮರ್ ಹಾಕಿಸಿ. ಪೈಪಿನ ಬಾಯಿಗಳನ್ನು ಮುಚ್ಚಿ ಬೆಸೆಯಿರಿ. ನಮ್ಮ ಮಳೆಗಾಲದಲ್ಲಿ ಪೈಪಿನೊಳಗೆ ಸೇರಿದ ತೇವ ಆರುವುದೇ ಇಲ್ಲ, ಒಳಗಿನಿಂದಲೇ ತುಕ್ಕು ತಿನ್ನುತ್ತದೆ.

ಮರದಲ್ಲೇ ಮಾಡುವವರಿಗೆ

ಮರ ಕಬ್ಬಿಣಕ್ಕಿಂತ ಕಡಿಮೆ ಅಂತ ತಿಳಿಯಬೇಡಿ. ಚೆನ್ನಾಗಿ ಒಣಗಿದ ಸಾಗುವಾನಿಯ 4×2 ಇಂಚಿನ ತುಂಡನ್ನು ನಿಲ್ಲಿಸಿ ಹಾಕಿದರೆ 40×40 ಪೈಪಿಗಿಂತ ಎರಡು ಪಟ್ಟಿಗೂ ಜಾಸ್ತಿ ಬಿಗಿ. ಹೊನ್ನೆ, ಮತ್ತಿಯೂ ಚೆನ್ನ. ಆದರೆ ಮರ ನಿರಂತರ ಭಾರದಲ್ಲಿ ವರ್ಷಗಳು ಕಳೆದಂತೆ ಇನ್ನಷ್ಟು ಬಾಗುತ್ತದೆ, ಕಬ್ಬಿಣ ಬಾಗುವುದಿಲ್ಲ. ಹಾಗಾಗಿ ಮರಕ್ಕೂ ನಡುಗಾಲು ಬೇಕು. ಇಲ್ಲೂ ಪಟ್ಟಿ ಕಾಲಿನ ತಲೆಯ ಮೇಲೆಯೇ ಕೂರಬೇಕು. ಸ್ಕ್ರೂಗಳು ಜೋಡಣೆ ಹಿಡಿದುಕೊಳ್ಳಲು ಮಾತ್ರ, ಭಾರ ಹೊರಲು ಅಲ್ಲ. ಹಸಿ ಮರ ಒಣಗುತ್ತಾ ತಿರುಚಿಕೊಳ್ಳುತ್ತದೆ, ಅದನ್ನು ಯಾವ ಬೆಲೆಗೂ ತರಬೇಡಿ.

ಸಿಮೆಂಟ್ ಇಟ್ಟಿಗೆ ಕಟ್ಟಿ ಮೇಲೆ ಕಡಪ ಕಲ್ಲು ಅಥವಾ ಗ್ರಾನೈಟ್ ಹಾಸುವುದೂ ನಮ್ಮಲ್ಲಿ ಇದೆ. ಅಲುಗಾಡದ, ತುಕ್ಕು ಹಿಡಿಯದ ಒಳ್ಳೆಯ ವಿಧಾನ. ಒಂದೇ ಮಾತು: ಕಲ್ಲು ಬಾಗುವಿಕೆಗೆ ದುರ್ಬಲ, ಮುನ್ಸೂಚನೆ ಕೊಡದೆ ಮುರಿಯುತ್ತದೆ. ಎರಡು ತುದಿಗೆ ಎರಡು ಗೋಡೆ ಕಟ್ಟಿ ಬಿಡಬೇಡಿ, ನಡುವೆ ಮೂರನೆಯದು ಇರಲಿ.

ಕೂರಿಸುವುದು, ತುಂಬುವುದು

ಸ್ಟ್ಯಾಂಡನ್ನು ಜಾಗಕ್ಕೆ ತಂದು, ಮೊದಲು ನಾಲ್ಕು ಮೂಲೆಯ ಬೋಲ್ಟುಗಳಿಂದ ಮಟ್ಟ ಮಾಡಿ. ನಡುವಿನ ಎರಡನ್ನು ಆಮೇಲೆ ಇಳಿಸಿ ನೆಲಕ್ಕೆ ತಾಗಿಸಿ. ಒಂದು ಕಾಗದದ ಚೂರನ್ನು ಪ್ರತಿ ಪಾದದ ಕೆಳಗೆ ತೂರಿಸಲು ನೋಡಿ. ಎಲ್ಲೂ ತೂರಬಾರದು. ನಡುವಿನದನ್ನು ಅತಿಯಾಗಿ ಬಿಗಿದರೆ ಪಟ್ಟಿ ಮೇಲಕ್ಕೆ ಉಬ್ಬುತ್ತದೆ. ಉದ್ದ ಪಟ್ಟಿಗೆ ದಾರ ಎಳೆದು ಅದನ್ನೂ ನೋಡಿ. ಉದ್ದಕ್ಕೆ ಎರಡು ಮೂರು ಮಿ.ಮೀ. ಓರೆ ಉಳಿದರೆ ಗಾಜಿಗೆ ಅಪಾಯವಿಲ್ಲ, ನೀರಿನ ಗೆರೆ ಸ್ವಲ್ಪ ವಾರೆ ಕಾಣುತ್ತದೆ ಅಷ್ಟೇ. ತಿರುಚು ಮಾತ್ರ ಒಂದು ಮಿ.ಮೀ.ಯೂ ಇರಬಾರದು.

ಸಾಧ್ಯವಿದ್ದರೆ ಟ್ಯಾಂಕ್ ಇಡುವ ಮೊದಲು ಸ್ಟ್ಯಾಂಡಿನ ಮೇಲೆ ಭಾರ ಹಾಕಿ ಪರೀಕ್ಷೆ ಮಾಡಿ. ಪಕ್ಕದಲ್ಲಿ ಎಲ್ಲಾದರೂ ಕಟ್ಟಡ ಕೆಲಸ ನಡೆಯುತ್ತಿದ್ದರೆ ಹನ್ನೆರಡು ಮೂಟೆ ಸಿಮೆಂಟು ಒಂದು ದಿನಕ್ಕೆ ಕೇಳಿ ತಂದು ಸಮನಾಗಿ ಹರಡಿ ಪೇರಿಸಿ. ಪಟ್ಟಿಯುದ್ದಕ್ಕೂ ಎಳೆದ ದಾರದಿಂದ ಪಟ್ಟಿಗೆ ಎಷ್ಟು ಅಂತರ ಬಂತು, ಉಕ್ಕಿನ ಸ್ಕೇಲಿನಲ್ಲಿ ನೋಡಿ. ಅರ್ಧ ಮಿ.ಮೀ. ಒಳಗಿದ್ದರೆ ನಿಶ್ಚಿಂತೆ. ಒಂದು ಮಿ.ಮೀ. ದಾಟಿದರೆ ಇನ್ನೊಂದು ಕಾಲು ಕೊಡಿ.

ಟ್ಯಾಂಕ್ ಇಟ್ಟ ಮೇಲೆ ನಾಲ್ಕು ಕಂತಿನಲ್ಲಿ ನೀರು ತುಂಬಿ. ಪ್ರತಿ ಕಂತಿಗೂ ನಿಲ್ಲಿಸಿ ಗಾಜಿನ ಕೆಳಗೆ ಸುತ್ತಲೂ ಕಣ್ಣಾಡಿಸಿ. ಥರ್ಮಾಕೋಲ್ ಎಲ್ಲ ಕಡೆ ಒಂದೇ ಸಮ ಒತ್ತಿಕೊಂಡಿರಬೇಕು. ಒಂದು ಕಡೆ ಕಾಗದ ತೂರುವಷ್ಟು ಸಂದು ಕಂಡರೂ ಮುಂದೆ ತುಂಬಬೇಡಿ, ನೀರು ತೆಗೆದು ಸರಿಮಾಡಿ. ಪೂರ್ತಿ ತುಂಬಿದ ಮೇಲೆ ಒಂದು ದಿನ ಮೀನು, ಮರಳು ಯಾವುದೂ ಇಲ್ಲದೆ ಬಿಡಿ. ಆಮೇಲೆ ಎಷ್ಟೇ ಸಣ್ಣ ತಿದ್ದುಪಡಿಯಾದರೂ ನೀರು ತುಂಬಿರುವಾಗ ಬೋಲ್ಟ್ ಮುಟ್ಟಬೇಡಿ. ಒಂದು ಕಾಲು ಏರಿಸಿದರೆ ಮೇಲೆ ತಿರುಚು ಹುಟ್ಟುತ್ತದೆ.

ಸಂಪ್ ಇದ್ದವರು ಕರೆಂಟ್ ಹೋದಾಗ ಏನಾಗುತ್ತದೆ ಅಂತ ಮೊದಲ ದಿನವೇ ಪಂಪ್ ಆರಿಸಿ ನೋಡಿ. ಈ ಟ್ಯಾಂಕಿನಲ್ಲಿ ಒಂದು ಇಂಚು ನೀರು ಅಂದರೆ 19 ಲೀಟರ್. ಎರಡು ಇಂಚು ಕೆಳಗಿಳಿದರೆ 38 ಲೀಟರ್ ಸಂಪಿಗೆ ಬರುತ್ತದೆ. ಅಷ್ಟು ಖಾಲಿ ಜಾಗ ಸಂಪಿನಲ್ಲಿ ಇರಬೇಕು, ಇಲ್ಲವಾದರೆ ನೀರು ಸ್ಟ್ಯಾಂಡಿನೊಳಗೆ, ಆಮೇಲೆ ಹಾಲಿಗೆ. ಸ್ವಿಚ್ ಬೋರ್ಡನ್ನು ಸ್ಟ್ಯಾಂಡಿನ ಒಳಗಿಡದೆ ಪಕ್ಕದ ಗೋಡೆಗೆ ಹಾಕಿಸಿ. ವೈರು ಪ್ಲಗ್ಗಿಗಿಂತ ಕೆಳಗಿಳಿದು ಮತ್ತೆ ಮೇಲೇರುವ ಹಾಗೆ ಬಿಡಿ, ಆಗ ವೈರಿನ ಮೇಲೆ ಹರಿದ ನೀರು ಪ್ಲಗ್ಗಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ. ಆ ಸಾಲಿಗೆ, ಕರೆಂಟ್ ಸೋರಿದ ಕೂಡಲೇ ತಾನೇ ಆರಿಸಿಬಿಡುವ 30 ಮಿಲಿಆಂಪ್ಸ್ ಆರ್‌ಸಿಸಿಬಿ ಇರಲಿ. ಕಬ್ಬಿಣದ ಸ್ಟ್ಯಾಂಡು, ನೀರು, ಒದ್ದೆ ಕೈ ಮೂರೂ ಒಂದೇ ಕಡೆ ಇರುವಾಗ ಇದರಲ್ಲಿ ರಾಜಿ ಬೇಡ. ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ.

ತಿಂಗಳ ನಂತರ ಕಾಗದದ ಚೂರು ಹಿಡಿದು ಆರು ಪಾದವನ್ನೂ ಇನ್ನೊಮ್ಮೆ ನೋಡಿ. ರಬ್ಬರ್ ಒತ್ತಿಕೊಂಡು ಎಲ್ಲಾದರೂ ಸಡಿಲವಾಗಿದ್ದರೆ ಅಲ್ಲಿ ತೆಳು ತಗಡಿನ ಚೂರು ತೂರಿಸಿ ತುಂಬಿಸಿ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಶುರುವಾಗುವ ಮೊದಲು, ಪಾದದ ಪ್ಲೇಟು ಮತ್ತು ಹಿಂಬದಿಯ ಕೆಳಗಿನ ಪಟ್ಟಿಯನ್ನು ಟಾರ್ಚ್ ಹಾಕಿ ನೋಡಿ. ತುಕ್ಕು ಮೊದಲು ಕಾಣಿಸಿಕೊಳ್ಳುವುದು ಅಲ್ಲಿ. ಕಂಡಷ್ಟು ಜಾಗವನ್ನು ಉಜ್ಜಿ ಪ್ರೈಮರ್ ಮುಟ್ಟಿಸಿದರೆ ಸಾಕು.